ಕಾಜಾಣಕ್ಕೆ ಕೋಗಿಲೆ ಅಂದವನು

ಕಂಡಕ್ಟರಣ್ಣನ ಮಾತು ಹೋಯಿತಂತೆ ಎಂಬ ಸುದ್ದಿ ಬಂದಾಗ ಬೀದಿಯಲ್ಲಿ ಯಾರೂ ನಂಬಲಿಲ್ಲ. ಕೈ ಹೋಯಿತು ಅಂದಿದ್ದರೆ ನಂಬುತ್ತಿದ್ದರು, ಕಾಲು ಹೋಯಿತು ಅಂದಿದ್ದರೂ ನಂಬುತ್ತಿದ್ದರು. ಮಾತು ಮಾತ್ರ ಹೇಗೆ ಹೋದೀತು? ಬಸ್ಸಿನ ಹಿಂಬಾಗಿಲಲ್ಲಿ ನಿಂತು ಅವನು ಒಮ್ಮೆ ಕೂಗಿದರೆ ಸಾಕು, ತನ್ನ ಡ್ರೈವರನ ಕಿವಿಗಷ್ಟೇ ಅಲ್ಲ, ಎದುರಿಂದ ಬರುವ ಬಸ್ಸಿನ ಡ್ರೈವರನ ಕಿವಿಗೂ ಬೀಳುತ್ತಿತ್ತು. ನಿದ್ದೆಗೆ ಜಾರಿದ ಪ್ರಯಾಣಿಕರನ್ನು ಅವರವರ ಸ್ಟಾಪಿನಲ್ಲಿ ಎಬ್ಬಿಸಿ ಇಳಿಸುವಷ್ಟು ಗಟ್ಟಿಯಾದ, ಹಾಗೆಯೇ ಅಷ್ಟೇ ಅಕ್ಕರೆಯ ಗಂಟಲು ಅದು.

ಆದರೆ ಆದದ್ದು ಹಾಗೆಯೇ. ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಡಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಸ್ಟ್ರೋಕ್ ಎಂದರು ಆಸ್ಪತ್ರೆಯವರು. ಬೇಗ ಕರೆತಂದದ್ದರಿಂದ ಜೀವ ಉಳಿಯಿತು. ಬಲಗಾಲು, ಬಲಗೈ ಮೆಲ್ಲಮೆಲ್ಲನೆ ಮಾತು ಕೇಳತೊಡಗಿದವು. ನಾಲಿಗೆ ಮಾತ್ರ ಕೇಳಲಿಲ್ಲ. ಎದುರಿನವರು ಹೇಳುವುದೆಲ್ಲ ಅವನಿಗೆ ಅರ್ಥವಾಗುತ್ತಿತ್ತು, ಹೇಳಬೇಕಾದದ್ದೆಲ್ಲ ತಲೆಯಲ್ಲಿ ಇತ್ತು. ಬಾಯಿ ತೆರೆದರೆ ಬರುತ್ತಿದ್ದದ್ದು ಒಂದೇ ಮಾತು: "ರೈಟ್."

ನೀರು ಬೇಕಾದರೂ ರೈಟ್, ಬೇಡವಾದರೂ ರೈಟ್. ಸಿಟ್ಟು ನೆತ್ತಿಗೇರಿದರೆ ರೈಟ್ ರೈಟ್.

"ವರ್ಷಗಟ್ಟಲೆ ಹೇಳಿ ಹೇಳಿ ಸವೆದ ಮಾತು ಅದು, ತಾನಾಗೇ ಬರುತ್ತೆ. ಉಳಿದ ಮಾತುಗಳು ಎಲ್ಲೂ ಹೋಗಿಲ್ಲ, ಒಳಗೇ ಇವೆ. ಹೊರಗೆ ಬರೋ ದಾರಿ ಕಟ್ಟಿದೆ ಅಷ್ಟೆ," ಎಂದು ಮಾತು ಕಲಿಸುವ ಡಾಕ್ಟರಮ್ಮ ಅವನ ಹೆಂಡತಿಗೆ ಸಮಾಧಾನ ಹೇಳಿದರು. ಸಣ್ಣ ವಯಸ್ಸಿನ, ತಾಳ್ಮೆಯ ಹೆಂಗಸು. ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ಕುರ್ಚಿ, ಬೀಗದ ಕೈ, ಬಾಳೆಹಣ್ಣು. ಊರಿಗೆಲ್ಲ ದಾರಿ ಹೇಳಿದವನು ಕುರ್ಚಿಗೆ ಕುರ್ಚಿ ಅನ್ನಲಾಗದೆ ಬೆವರುತ್ತಿದ್ದ. ಒಂದು ದಿನ ರೇಗಿ ಕಾರ್ಡುಗಳನ್ನೆಲ್ಲ ನೆಲಕ್ಕೆ ಚೆಲ್ಲಿಬಿಟ್ಟ. ಡಾಕ್ಟರಮ್ಮ ಬಗ್ಗಿ ಆರಿಸಿಕೊಳ್ಳುವುದನ್ನು ನೋಡಲಾಗದೆ ಗೋಡೆಯ ಕಡೆ ಮುಖ ತಿರುಗಿಸಿ ಕೂತ.

ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿಯುವವಳು. ರಜೆ ಮುಗಿದು ಅವಳು ಕೆಲಸಕ್ಕೆ ಹೋಗಲೇಬೇಕಾಯಿತು. ಬೆಳಗಿನ ಹೊತ್ತು ಜೊತೆಗಿರಲು ಅವಳ ತಮ್ಮ ಒಪ್ಪಿಕೊಂಡ. ಕಿಟಕಿಯ ಗ್ರಿಲ್ಲು, ಗೇಟು ಮಾಡುವ ವೆಲ್ಡಿಂಗ್ ಅಂಗಡಿ ಅವನದು. ಗ್ರೈಂಡರಿನ ಸದ್ದಿನ ನಡುವೆ ಮಾತಾಡಿ ಅಭ್ಯಾಸವಾಗಿ, ಸದ್ದಿಲ್ಲದ ಕಡೆಯೂ ಕೂಗಿಯೇ ಮಾತಾಡುತ್ತಿದ್ದ. ಗೊತ್ತಿದ್ದದ್ದಕ್ಕಿಂತ ಗೊತ್ತಿಲ್ಲದ್ದರ ಬಗ್ಗೆ ಹೆಚ್ಚು ಮಾತಾಡುತ್ತಿದ್ದ. ಅಕ್ಕನೇ ಅವನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದಳು. ಕಂಡಕ್ಟರಣ್ಣನಿಗೆ ಈ ಭಾವಮೈದ ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಈಗ ತಪ್ಪಿಸಿಕೊಳ್ಳಲು ಡ್ಯೂಟಿಯೂ ಇಲ್ಲ, ಸಾಕು ಮಾಡು ಎನ್ನಲು ಬಾಯಿಯೂ ಇಲ್ಲ.

ರೇಡಿಯೋ ದಿನಾ ಭಾವನ ತೋಳು ಹಿಡಿದು ಮೆಟ್ಟಿಲು ಹತ್ತಿಸಿ, ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಕೂರಿಸುತ್ತಿದ್ದ. ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೈಗೆ ಕೊಟ್ಟು, ತನ್ನ ಪ್ರಸಾರ ಶುರುಮಾಡುತ್ತಿದ್ದ. ರಾಜಕೀಯ ಮುಗಿಯಿತು, ಕಬ್ಬಿಣದ ದರ ಮುಗಿಯಿತು. ಒಂದು ದಿನ ಹೇಳಲು ಏನೂ ಉಳಿಯದೆ ಹಕ್ಕಿಗಳಿಗೆ ಕೈ ಹಾಕಿದ.

"ಅದೋ ನೋಡಿ ಭಾವ, ಗುಬ್ಬಚ್ಚಿ! ಊರಲ್ಲಿ ಗುಬ್ಬಚ್ಚಿನೇ ಇಲ್ಲ ಅಂತಾರಲ್ಲ, ಕಣ್ಣಿಲ್ವಾ ಇವರಿಗೆ?"

ಪಕ್ಕದ ಮನೆಯ ಬಳ್ಳಿಯ ಹೂವಿಗೆ ಬಾಗಿದ ಕೊಕ್ಕು ಚುಚ್ಚಿ ಜೋತಾಡುತ್ತಿದ್ದದ್ದು ಸೂರಕ್ಕಿ. ಅಲ್ಲವೋ ಮಾರಾಯ ಎನ್ನಲು ಕಂಡಕ್ಟರಣ್ಣ ಬಾಯಿ ತೆರೆದ.

"ರೈಟ್," ಎಂದಿತು ಬಾಯಿ.

"ನೋಡಿದ್ರಾ, ನೀವೂ ಒಪ್ಕೊಂಡ್ರಿ!"

ಸ್ವಲ್ಪ ಹೊತ್ತಿಗೆ ಬಟ್ಟೆ ಒಣಹಾಕುವ ತಂತಿಯ ಮೇಲೆ ತಲೆಯಲ್ಲಿ ಜುಟ್ಟಿದ್ದ ಪಿಕಳಾರ ಬಂದು ಕೂತಿತು. "ಇದು ಮರಕುಟಿಗ ಭಾವ. ಜುಟ್ಟು ನೋಡಿದ್ರೆ ಗೊತ್ತಾಗಲ್ವಾ?"

"ರೈಟ್ ರೈಟ್!" ಎಂದು ಕಂಡಕ್ಟರಣ್ಣ ಹಲ್ಲು ಕಡಿದ.

"ಡಬಲ್ ರೈಟ್! ನಮ್ಮ ಅಕ್ಕನಿಗೆ ಹೇಳ್ಬೇಕು, ಅವಳಿಗೆ ತಮ್ಮನ ಬೆಲೆನೇ ಗೊತ್ತಿಲ್ಲ."

ಹೀಗೇ ಹಲವು ದಿನ ನಡೆಯಿತು. ಕಂಡಕ್ಟರಣ್ಣನಿಗೆ ಹಕ್ಕಿಗಳ ಹೆಸರು ಗೊತ್ತಿದೆ ಎಂಬ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಅವನನ್ನು ಸೊಂಟಕ್ಕೇರಿಸಿಕೊಂಡು, ಒಂದೊಂದು ತುತ್ತಿಗೆ ಒಂದೊಂದು ಹಕ್ಕಿ ತೋರಿಸಿ ಹೆಸರು ಹೇಳಿ ಉಣ್ಣಿಸಿದ್ದಳು. ದೊಡ್ಡವನಾದ ಮೇಲೆ ಬಸ್ಸಿನ ಬಾಗಿಲಲ್ಲಿ ನಿಂತವನ ಕಣ್ಣಿಗೆ ಅವೇ ಹಕ್ಕಿಗಳು ದಿನವೂ ಬೀಳುತ್ತಿದ್ದವು. ಯಾರೊಂದಿಗೂ ಆಡದಿದ್ದರೂ ಮನಸ್ಸು ಒಳಗೇ ಹೆಸರು ಹೇಳಿಕೊಳ್ಳುತ್ತಿತ್ತು. ಬೇರೆ ಯಾರು ಏನು ತಪ್ಪು ಹೇಳಿದರೂ ಸಹಿಸುತ್ತಿದ್ದನೋ ಏನೋ. ಹೆಸರು ತಪ್ಪಿದರೆ ಅವನಿಂದ ಆಗುತ್ತಿರಲಿಲ್ಲ. ಒಂದು ಸ್ಟಾಪಿನ ಹೆಸರನ್ನು ಇನ್ನೊಂದಕ್ಕೆ ಕೂಗಿದರೆ ಜನ ಎಲ್ಲೆಲ್ಲೋ ಇಳಿದುಬಿಡುತ್ತಾರೆ, ಅಂಥ ಕೆಲಸ ಮಾಡಿದವನು ಅವನು.

ಆ ದಿನ ಕರೆಂಟು ತಂತಿಯ ಮೇಲೆ ಕಾಜಾಣವೊಂದು ಬಂದು ಕೂತಿತ್ತು. ಮೈಯೆಲ್ಲ ಮಿರಿಮಿರಿ ಕಪ್ಪು, ಬಾಲ ತುದಿಯಲ್ಲಿ ಎರಡಾಗಿ ಸೀಳಿತ್ತು. ಹತ್ತಿರ ಬಂದ ಕಾಗೆಯನ್ನು ಅದು ಅಟ್ಟಿಸಿಕೊಂಡು ಹೋಗಿ ಓಡಿಸಿ, ಏನೂ ಆಗದವರ ಹಾಗೆ ಮತ್ತೆ ತಂತಿಗೆ ಮರಳಿತು.

"ಕೋಗಿಲೆ!" ಎಂದ ರೇಡಿಯೋ. "ಸೊಕ್ಕು ನೋಡಿ ಭಾವ ಅದರದ್ದು!"

"ರೈಟ್," ಎಂದು ನರಳಿದ ಕಂಡಕ್ಟರಣ್ಣ.

"ಬಾಲ ಯಾಕೆ ಸೀಳಿದೆ ಹೇಳಿ? ಅದಕ್ಕೂ ಕಾರಣ ಇದೆ. ಕೋಗಿಲೆ ಚಳಿಗಾಲದಲ್ಲಿ ಹಾಡಲ್ಲ ಅಲ್ವಾ? ಹಾಡೋ ಶಕ್ತಿಯೆಲ್ಲ ಬಾಲಕ್ಕಿಳಿಯುತ್ತೆ. ತಡೆಯೋಕಾಗದೆ ಬಾಲ ಬಿರಿಯುತ್ತೆ."

ಕಂಡಕ್ಟರಣ್ಣನ ಕೈಯಿಂದ ಮುಚ್ಚಳ ಜಾರಿ ಚಹಾ ಚೆಲ್ಲಿತು. ತಾರಸಿಯ ಗೋಡೆ ಹಿಡಿದು ಎದ್ದು ನಿಂತ. ಕುತ್ತಿಗೆಯ ನರ ಉಬ್ಬಿತು.

"ಕಾ... ಕಾ..."

"ಕಾಗೆನಾ? ಕಾಗೆ ಆಗ್ಲೇ ಹೋಯ್ತಲ್ಲ ಭಾವ."

"ಕಾಜಾಣ!"

ಸದ್ದಿಗೆ ಹಕ್ಕಿ ಹಾರಿಹೋಯಿತು. ರೇಡಿಯೋ ಜೀವನದಲ್ಲಿ ಮೊದಲ ಸಲ ಬಾಯಿ ತೆರೆದುಕೊಂಡು ಸುಮ್ಮನಿದ್ದ.

"ಏನಂದ್ರಿ?"

"ಕಾಜಾಣ," ಎಂದ ಕಂಡಕ್ಟರಣ್ಣ, ಈ ಸಲ ಮೆತ್ತಗೆ. ತನ್ನದೇ ದನಿ ತನಗೆ ಕೇಳಿಸಿ, ಮತ್ತೆ ಕುರ್ಚಿಯಲ್ಲಿ ಕೂತುಬಿಟ್ಟ.

ರೇಡಿಯೋ ಮೆಟ್ಟಿಲುಗಳನ್ನು ಹಾರಿಕೊಂಡು ಇಳಿದು ಬಸ್ ಸ್ಟಾಪಿಗೆ ಓಡಿದ. ಅಕ್ಕ ಬಸ್ಸಿಗೆ ಕಾಯುತ್ತಾ ನಿಂತಿದ್ದಳು.

"ಅಕ್ಕಾ, ಭಾವ ನನ್ನ ಬೈದ್ರು!"

"ಬೈದ್ರಾ? ಏನಂತ ಬೈದ್ರು?"

"ಕಾಜಾಣ ಅಂತ!"

ಅದು ಎಂಥ ಬೈಗುಳವೋ ಅವಳಿಗೆ ತಿಳಿಯಲಿಲ್ಲ. ಬೈದನಲ್ಲ, ಅಷ್ಟು ಸಾಕಾಗಿತ್ತು. ಬಂದ ಬಸ್ಸನ್ನು ಬಿಟ್ಟು ಮನೆಗೆ ಓಡಿ ಬಂದಳು. ಏದುಸಿರು ಬಿಡುತ್ತಾ ಅವನ ಮುಂದೆ ಕುಕ್ಕರಿಸಿ, "ಎಲ್ಲಿ, ನನಗೂ ಒಂದ್ಸಲ ಬೈರಿ," ಎಂದಳು. ಅವನು ಬೈದ. ಅವಳು ಅಂಗೈಯಿಂದ ಕಣ್ಣೊರೆಸಿಕೊಂಡು ನಕ್ಕಳು.

ವಿಷಯ ಕೇಳಿ ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. "ಚಿಕ್ಕಂದಿನಲ್ಲಿ ಕಲಿತ ಮಾತಿರಬೇಕು, ಅಂಥವು ತುಂಬಾ ಆಳದಲ್ಲಿ ಗಟ್ಟಿಯಾಗಿ ಕೂತಿರ್ತವೆ. ಕಾರ್ಡು ಬಿಡೋಣ. ನೀವು ದಿನಾ ತಾರಸಿ ಮೇಲೆ ಹಕ್ಕಿ ಹೆಸರು ತಪ್ಪಾಗಿ ಹೇಳಿ," ಎಂದು ರೇಡಿಯೋಗೆ ಹೇಳಿದರು.

ರೇಡಿಯೋನ ಮುಖ ಸಣ್ಣದಾಯಿತು. "ತಪ್ಪಾಗಿ ಹೇಳ್ಬೇಕಾ? ಅಂದ್ರೆ ಇಷ್ಟು ದಿನ ನಾನು ಹೇಳಿದ್ದು..."

"ಎಲ್ಲಾ ತಪ್ಪೇ ಕಣೋ," ಎಂದಳು ಅಕ್ಕ. "ದೇವರ ಹಾಗೆ ತಪ್ಪು ಹೇಳಿದ್ದೀಯ."

ಆದರೆ ಬೇಕೆಂದು ತಪ್ಪು ಹೇಳುವುದು ಅವನಿಂದ ಆಗಲಿಲ್ಲ. ಕಾಗೆ ತೋರಿಸಿ ನವಿಲು ಎಂದರೆ ಕಂಡಕ್ಟರಣ್ಣ ನಗುತ್ತಿದ್ದ, ಅಷ್ಟೆ. ನಂಬಿಕೆಯಿಂದ, ಎದೆ ತಟ್ಟಿ ಹೇಳಿದ ತಪ್ಪಿಗೆ ಮಾತ್ರ ಅವನ ನಾಲಿಗೆ ಏಳುತ್ತಿತ್ತು. "ಹಾಗಾದ್ರೆ ನಿಮ್ಮ ತಮ್ಮನಿಗೆ ಗೊತ್ತಿಲ್ಲದ ಹಕ್ಕಿಗಳು ಇರೋ ಕಡೆ ಹೋಗಿ ಬನ್ನಿ," ಎಂದರು ಡಾಕ್ಟರಮ್ಮ. "ಹಾಗಿದ್ರೆ ಎಲ್ಲಿಗೆ ಹೋದ್ರೂ ನಡೆಯುತ್ತೆ," ಎಂದಳು ಅಕ್ಕ.

ಊರಾಚೆಯ ಕೆರೆಗೆ ಹೋಗುವುದೆಂದಾಯಿತು. ಅದು ಕಂಡಕ್ಟರಣ್ಣನ ಹಳೆಯ ರೂಟಿನ ಕೊನೆಯ ಸ್ಟಾಪು. ರೇಡಿಯೋ ಅಂಗಡಿಯ ಬಾಗಿಲು ಎಳೆದು ಭಾವನ ಜೊತೆ ಹೊರಟ. ಬಸ್ಸು ಹತ್ತುವಾಗ ಕಂಡಕ್ಟರಣ್ಣ ಬಾಗಿಲ ಕಂಬಿ ಹಿಡಿದು ನಿಂತುಬಿಟ್ಟ. ಈ ಬಸ್ಸಿನಲ್ಲಿ ಬಾಯಿಲ್ಲದವನಾಗಿ ಕೂರಬೇಕಲ್ಲ ಎಂದು ಸಂಕಟ. ಟಿಕೆಟ್ ಕೊಡಲು ಬಂದವಳು ಅವನ ಕೈಕೆಳಗೇ ಕೆಲಸ ಕಲಿತವಳು.

"ಗುರುಗಳೇ!" ಎಂದು ಅವಳು ಸಂಭ್ರಮದಿಂದ ಕೂಗಿ, ಕಿಟಕಿ ಪಕ್ಕದಲ್ಲಿ ತನ್ನ ಸೀಟನ್ನೇ ಬಿಟ್ಟುಕೊಟ್ಟಳು. ಹೇಗಿದ್ದೀರಿ ಎಂದು ಕೇಳಿ ಉತ್ತರಕ್ಕೆ ಕಾಯುತ್ತಾ ನಿಂತು ಅವನನ್ನು ಕಷ್ಟಕ್ಕೆ ಸಿಕ್ಕಿಸಲಿಲ್ಲ. ಅದಕ್ಕೇ ಅವನ ಕಣ್ಣು ತುಂಬಿತು.

ಬಸ್ಸು ಮೀನು ಮಾರುಕಟ್ಟೆಗೆ ತಿರುಗಿತು. ಮೇಲೆ ಹದ್ದುಗಳು ಸುತ್ತು ಹೊಡೆಯುತ್ತಿದ್ದವು. ಸ್ಟಾಪಿನ ಹೆಸರು ನಾಲಿಗೆಗೆ ಬರಲಿಲ್ಲ. ಆದರೆ ಗಂಟಲು ಸುಮ್ಮನಿರಲಿಲ್ಲ.

"ಹದ್ದು!" ಎಂದು ಕೂಗಿದ.

ಜನ ತಿರುಗಿ ನೋಡಿದರು. ಕಂಡಕ್ಟರ್ ಹೆಂಗಸು ಒಂದು ಗಳಿಗೆ ತಬ್ಬಿಬ್ಬಾಗಿ, ಮೇಲೆ ನೋಡಿ, ಅರ್ಥವಾದವಳಂತೆ ತಾನೂ ಕೂಗಿದಳು: "ಮಾರ್ಕೆಟ್ ಇಳಿಯೋರು ಬನ್ನಿ, ಹದ್ದು ಬಂತು!"

ಹಳೆಯ ಗಡಿಯಾರದ ಕಟ್ಟಡದ ಬಳಿ ಅವನು "ಪಾರಿವಾಳ" ಎಂದ. ಸೇತುವೆಯ ಕೆಳಗೆ ಗೂಡು ಕಟ್ಟಿ ಕಿಚಿಗುಡುತ್ತಾ ಹಾರುವ ಹಕ್ಕಿಗಳನ್ನು ಕಂಡು "ಬಾನಾಡಿ" ಎಂದ. ಶಾಲೆಯ ಮೈದಾನಕ್ಕೆ ಬರುವಾಗ ಹಳದಿ ಕೊಕ್ಕಿನ ಗೊರವಂಕಗಳು ಯಜಮಾನರ ಹಾಗೆ ಹೆಜ್ಜೆ ಹಾಕುತ್ತಿದ್ದವು. ಅವನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನ ಅಜ್ಜಿ ಕೇಳಿದಳು: "ಅಣ್ಣಾ, ನಾನು ಸ್ಕೂಲ್ ಹತ್ರ ಇಳೀಬೇಕು. ಅಲ್ಲಿ ಯಾವ ಹಕ್ಕಿ?"

"ಗೊರವಂಕ," ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅವನೂ ನಕ್ಕ. ಆ ನಗೆಯಲ್ಲಿ ಯಾರೂ ಅವನನ್ನು ಹೊರಗಿಟ್ಟಿರಲಿಲ್ಲ.

ಕೆರೆಯ ಏರಿಯ ಮೇಲೆ ಗಾಳಿ ತಣ್ಣಗಿತ್ತು. ನೀರಿನ ನಡುವಿನ ಒಣಮರದ ಮೇಲೆ ನೀರುಕಾಗೆಗಳು ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿದ್ದವು. ಕಂಬದ ಮೇಲೆ ಕೂತ ಮಿಂಚುಳ್ಳಿಯ ಬೆನ್ನು ಬಿಸಿಲಿಗೆ ನೀಲಿಯಾಗಿ ಹೊಳೆಯಿತು. ಕಂಡಕ್ಟರಣ್ಣ ಒಂದೊಂದನ್ನೇ ಹೆಸರು ಹಿಡಿದು ಕರೆದ. ಕೆಲವು ತಡವರಿಸಿದವು, ಕೆಲವು ಅರ್ಧಕ್ಕೆ ನಿಂತವು, ಹೆಚ್ಚಿನವು ಬಂದವು. ಇಷ್ಟು ವರ್ಷ ಬಸ್ಸು ತಿರುಗಿಸಿಕೊಳ್ಳುವ ಹೊತ್ತಿನಲ್ಲಿ ಇಲ್ಲಿ ಸುಮ್ಮನೆ ನಿಂತು ನೋಡಿದ್ದೆಲ್ಲ ಯಾರೋ ತನಗಾಗಿ ಕೂಡಿಟ್ಟ ಹಾಗಿತ್ತು. ಅಜ್ಜಿಯ ಬೆರಳು ನೆನಪಾಯಿತು. ಸಣ್ಣದಾಗಿ ಕೈ ಮುಗಿಯಬೇಕೆನ್ನಿಸಿತು. ಯಾರಿಗೆ ಎಂದು ತಿಳಿಯದೆ ನೀರಿನ ಕಡೆಗೇ ಮುಗಿದ.

ರೇಡಿಯೋ ಒಂದೊಂದು ಹೆಸರನ್ನೂ ಕೇಳಿಸಿಕೊಳ್ಳುತ್ತಾ ಹಕ್ಕಿಗಳನ್ನು ನೋಡುತ್ತಿದ್ದ. ಕೊನೆಗೆ ಕೆಸರಿನಲ್ಲಿ ಕೆಸರಿನ ಬಣ್ಣಕ್ಕೇ ನಿಂತಿದ್ದ ಒಂದು ಹಕ್ಕಿಯತ್ತ ಕೈ ತೋರಿಸಿದ.

"ಭಾವ, ಅದೇನು? ನಿಜವಾಗ್ಲೂ ನಂಗೊತ್ತಿಲ್ಲ."

ಅಷ್ಟರಲ್ಲಿ ಅದು ಎದ್ದು ಹಾರಿತು. ಮಣ್ಣಿನ ಬಣ್ಣದ ಹಕ್ಕಿಯ ರೆಕ್ಕೆಗಳು ಬಿಚ್ಚಿದಾಗ ಹಾಲಿನಷ್ಟು ಬಿಳಿ. ರೇಡಿಯೋ ಉಸಿರು ಬಿಗಿಹಿಡಿದು ನೋಡಿದ.

"ಕೊಳಬಕ," ಎಂದ ಕಂಡಕ್ಟರಣ್ಣ. ಇನ್ನೂ ಏನೋ ಹೇಳಬೇಕಿತ್ತು. ಬೆಳಿಗ್ಗೆ ಬೆಳಿಗ್ಗೆ ಬಂದು ಮೆಟ್ಟಿಲು ಹತ್ತಿಸಿದ್ದಕ್ಕೆ, ಚಹಾ ಬಗ್ಗಿಸಿ ಕೊಟ್ಟಿದ್ದಕ್ಕೆ, ಬಾಯಿ ಹೋದವನ ಜೊತೆ ಬಾಯಿ ಇದ್ದವನ ಜೊತೆ ಮಾತಾಡಿದ ಹಾಗೇ ಮಾತಾಡಿದ್ದಕ್ಕೆ. ಅದಕ್ಕೆಲ್ಲ ಹಕ್ಕಿಯ ಹೆಸರು ಸಾಲದು. ಹುಡುಕಿ ಹುಡುಕಿ, ಎರಡು ಮಾತು ಸಿಕ್ಕವು.

"ನಾಳೆ... ಬಾ."

"ಬರ್ತೀನಿ ಭಾವ," ಎಂದ ರೇಡಿಯೋ. ಮೊದಲ ಬಾರಿಗೆ ಅವನ ದನಿ ಕೂಗಿನಂತಿರಲಿಲ್ಲ.

ಮಾತುಗಳು ಒಮ್ಮೆಲೇ ಬರಲಿಲ್ಲ. ಕೆಂಬೂತ ಸಲೀಸಾಗಿ ಬಂದಿತ್ತು, ಕುರ್ಚಿಗೆ ಇನ್ನೂ ತಿಂಗಳುಗಟ್ಟಲೆ ಹಿಡಿಯಿತು. ಹಕ್ಕಿಯಿಂದ ಮರ, ಮರದಿಂದ ಬೀದಿ, ಬೀದಿಯಿಂದ ಮನೆ ಎಂದು ಡಾಕ್ಟರಮ್ಮ ಒಂದರ ಬಾಲ ಹಿಡಿದು ಇನ್ನೊಂದನ್ನು ಹೊರಗೆಳೆದರು. ಬಸ್ಸಿನ ಕೆಲಸ ಮತ್ತೆ ಆಗಲಿಲ್ಲ. ಡಿಪೋದವರು ಬಸ್ಸಿನಲ್ಲಿ ಜನ ಮರೆತುಬಿಟ್ಟ ಸಾಮಾನುಗಳ ಕೋಣೆಗೆ ಹಾಕಿದರು. ಛತ್ರಿ ಹುಡುಕಿಕೊಂಡು ಬಂದವರ ಎದುರು ಅವನು ನಿಧಾನವಾಗಿ, ಮಾತಿಗೆ ಮಾತು ಜೋಡಿಸಿ ಮಾತಾಡುತ್ತಿದ್ದ. ಯಾರೂ ಅವಸರ ಮಾಡಲಿಲ್ಲ.

ಪೂರ್ತಿ ವಾಕ್ಯಗಳು ಕೈಗೆ ಸಿಗತೊಡಗಿದ ಒಂದು ರಾತ್ರಿ, ಊಟ ಬಡಿಸಿದ ಮೇಲೆ, ಕಂಡಕ್ಟರಣ್ಣ ಹೆಂಡತಿಯನ್ನೂ ರೇಡಿಯೋನನ್ನೂ ಎದುರಿಗೆ ಕೂರಿಸಿಕೊಂಡ. ಏನು ಹೇಳಬೇಕೆಂದು ಬೆಳಗಿನಿಂದ ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡಿದ್ದ.

"ನೀವಿಬ್ರೂ... ಇಲ್ದೇ ಇದ್ದಿದ್ರೆ... ನಾನು..."

ಅಲ್ಲಿಗೆ ನಿಂತಿತು. ಈ ಸಲ ನಿಲ್ಲಿಸಿದ್ದು ಕಾಯಿಲೆಯಲ್ಲ, ಅಳು. ರೇಡಿಯೋ ಉಳಿದದ್ದನ್ನು ತಾನೇ ಹೇಳಿಬಿಡುವವನಂತೆ ಬಾಯಿ ತೆರೆದ. ಅಕ್ಕ ಅವನ ಮೊಣಕಾಲಿಗೆ ತಿವಿದಳು.

"ಹೇಳ್ಲಿ, ತಾಳು."

ಇಬ್ಬರೂ ಕಾದರು. ಸಾರು ಆರುತ್ತಿತ್ತು. ಯಾರೂ ಏಳಲಿಲ್ಲ.