ಓಬಮ್ಮನ ಬಾಯಿಗೆ ನೀರು

ಗುಂಡಿ ಬಿಚ್ಚಲು ಬರಲಿಲ್ಲ. ಹೇಮಶ್ರೀ ಕತ್ತರಿ ತರಿಸಿ, ಸತ್ತ ಅವ್ವನ ಸೀರೆಯ ಮೇಲಿದ್ದ ದಪ್ಪನೆಯ ಗಂಡಸಂಗಿಯನ್ನು ಕತ್ತರಿಸಿ ತೆಗೆದಳು. ಓಬಮ್ಮ ಹಿಂದೂಪುರದ ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ಕಾಲರ್ ಹೊಲಿದವಳು. ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ ತಂದ ರಿಜೆಕ್ಟ್ ಅಂಗಿ ಅದು. ಕಡಲೆಕಾಯಿ ಕೀಳುವಾಗ ಬಿಸಿಲಿಗೆ ಅದನ್ನೇ ತೊಡುತ್ತಿದ್ದಳು. ಮಗಳನ್ನು ನರ್ಸಿಂಗ್ ಓದಿಸುತ್ತಿದ್ದದ್ದೂ ಆ ಕೂಲಿಯಲ್ಲೇ.

“ಮೇಸ್ತ್ರಿ ಬಂದವ್ನೆ ಕಣಮ್ಮಿ,” ಎಂದಳು ಮೀಯಿಸಲು ನೀರು ಹುಯ್ಯುತ್ತಿದ್ದ ಪಕ್ಕದ ಮನೆಯ ಮೂಕಮ್ಮ. “ಬಾಯಿಗೆ ನೀರು ಬಿಡ್ತಾನಂತೆ. ಹಾರ್ಟು ನಿಂತೋಯ್ತು ಅಂತ ಊರೆಲ್ಲಾ ಹೇಳ್ಕಂಡು ಬತ್ತಾವ್ನೆ.”

“ಬರ್ಲಿ ಬಿಡತ್ತೆ.”

ಹೇಮಶ್ರೀ ಅವನಿಗಾಗಿಯೇ ಕಾಯುತ್ತಿದ್ದಳು. ಸತ್ತವರ ಮನೆಯವರು ಅವನ ನೀರು ಒಪ್ಪಿದರೆ ಅವನದೇನೂ ತಪ್ಪಿಲ್ಲವೆಂದಾಗಿ ಮಾತು ಮುಗಿಯಿತು. ನಾಳೆ ಹೆಂಗಸರೆಲ್ಲ ಮತ್ತೆ ಕೂಲಿಗೆ ಹೋಗಲು ಅವನ ಆಟೊ ಹತ್ತುತ್ತಾರೆ. ಅವನು ಕೀಳಿಸಬೇಕಾದ ಕಾಯಿ ಇನ್ನೂ ಆರು ಎಕರೆ ನೆಲದಲ್ಲೇ ಇತ್ತು.

*

ಹತ್ತು ದಿನದ ಹಿಂದೆ ನರ್ಸಿಂಗ್ ಕಾಲೇಜಿನವರು ಬಿಸಿಲಿನ ಹೊಡೆತದ ಬಗ್ಗೆ ತರಬೇತಿ ಕೊಟ್ಟು, ಕೂಲಿಯವರಿಗೆ ತಿಳಿಸಲು ಅವಳನ್ನು ಹೊಲಕ್ಕೆ ಕಳಿಸಿದ್ದರು. ಅವ್ವನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಳು: “ಬಿಸಿಲಲ್ಲಿ ಯಾರಾದ್ರೂ ತೂರಾಡಿದ್ರೆ, ಏನೇನೋ ಮಾತಾಡಿದ್ರೆ ನೆಳ್ಳಿಗೆ ಎಳ್ಕಳಿ. ಅಂಗಿ ಬಿಚ್ಚಿ, ಮೈತುಂಬಾ ನೀರು ಹುಯ್ದು ಗಾಳಿ ಬೀಸಿ.” ಓಬಮ್ಮ ಹಿಗ್ಗಿಹೋಗಿದ್ದಳು.

ಮೇಸ್ತ್ರಿ ಚಿಕ್ಕತಿಮ್ಮಯ್ಯ ನಕ್ಕಿದ್ದ. “ಆಯ್ತು ನಡಿ ಡಾಕ್ಟ್ರಮ್ಮ. ಪಾಠ ಕೇಳ್ಕಂಡು ಕೂತ್ರೆ ಕಾಯಿ ಕೀಳೋರ್ಯಾರು?”

“ಮರೀಬೇಡ ಮಾವ,” ಎಂದು ಕೈಮುಗಿದು ಬಂದಿದ್ದಳು.

ನಿನ್ನೆ ಮಟಮಟ ಮಧ್ಯಾಹ್ನ ಓಬಮ್ಮ ಸಾಲಿನಲ್ಲಿ ಎದ್ದು ನಿಂತು, “ಕಾಲರ್ ಆಯ್ತು, ಕಾಲರ್ ಆಯ್ತು” ಎಂದು ಕೂಗುತ್ತಾ ಬಿದ್ದಳು. ಮೂಕಮ್ಮ ಬಿಂದಿಗೆ ಎತ್ತಿಕೊಂಡು ಓಡಿದಳು. ಮೇಸ್ತ್ರಿ ಅಡ್ಡ ನಿಂತ. “ಮೈಮೇಲೆ ಚೌಡಮ್ಮ ಬಂದವ್ಳೆ, ಯಾರೂ ಮುಟ್ಬೇಡಿ! ಇಳಿದ್ಮೇಲೆ ತಾನೇ ಏಳ್ತಾಳೆ. ನಡೀರಿ, ಕೆಲ್ಸ ನೋಡ್ರಿ.”

ಅಯ್ಯೋ, ದೇವರ ಹೆಸರು ಹೇಳಲು ಆ ನಾಲಿಗೆಗೆ ಎಷ್ಟು ಸಲೀಸು! ದೇವರೆಂದರೆ ಹೆಂಗಸರು ಬಿಂದಿಗೆ ಕೆಳಗಿಡುತ್ತಾರೆಂದು ಅವನಿಗೆ ಗೊತ್ತಿತ್ತು. ಮೂಕಮ್ಮನೂ ಕೈಮುಗಿದು ಸರಿದಳು. ಅರ್ಧ ಗಂಟೆ ಓಬಮ್ಮ ಬಿಸಿಲಲ್ಲೇ ಬಿದ್ದಿದ್ದಳು. ಮತ್ತೆ ಏಳಲಿಲ್ಲ.

*

ಚಪ್ಪರದ ನೆರಳಲ್ಲಿ ಒಬ್ಬೊಬ್ಬರೇ ಓಬಮ್ಮನ ಬಾಯಿಗೆ ನೀರು ಬಿಟ್ಟರು. ಕೊನೆಗೆ ಚಿಕ್ಕತಿಮ್ಮಯ್ಯ ತುಂಬಿದ ಲೋಟ ಹಿಡಿದು ಚಪ್ಪರದ ಬಾಯಿಗೆ ಬಂದ.

“ಮುಟ್ಬೇಡ,” ಎಂದಳು ಹೇಮಶ್ರೀ.

“ಏನಮ್ಮ ಇದು, ಸತ್ತೋರ ಮುಂದೆ…”

“ನಮ್ಮವ್ವನ ಮೈಮೇಲಿರೋ ಚೌಡಮ್ಮ ಇನ್ನೂ ಇಳಿದಿಲ್ಲ. ಇಳೀಲಿ, ಆಮೇಲೆ ಬಿಡುವಂತೆ. ಅಲ್ಲೀಗಂಟ ಅಲ್ಲೇ ನಿಂತಿರು, ಬಿಸಿಲಲ್ಲಿ.”

ಅವನು ಹೆಂಗಸರತ್ತ ನೋಡಿದ. ಮೂಕಮ್ಮ ಎದ್ದು ಬಂದು ಅವನ ಕಾಲ ಮುಂದೆಯೇ, ದಾರಿಗೆ ಅಡ್ಡಲಾಗಿ ಕೂತಳು. ಅವಳ ಪಕ್ಕಕ್ಕೆ ಇನ್ನೊಬ್ಬಳು, ಮತ್ತೊಬ್ಬಳು. ಅವನ ಆಟೊ ಹತ್ತುತ್ತಿದ್ದ ಹನ್ನೆರಡೂ ಜನ ಕೂತರು. ಸತ್ತವಳ ಪಾಲಿನ ನೀರನ್ನು ಅವನು ಕುಡಿಯುವಂತಿರಲಿಲ್ಲ. ಚೆಲ್ಲಿ ಹೋದರೆ ನಾಳೆ ಒಬ್ಬಳೂ ಬರುವುದಿಲ್ಲ.

ಅವನ ಗದ್ದದಿಂದ ಬೆವರು ಲೋಟದೊಳಕ್ಕೆ ತೊಟ್ಟಿಕ್ಕಿತು. ನಾಡಿ ಎಣಿಸಲೆಂದು ಅವ್ವ ಕೊಡಿಸಿದ್ದ ಕೈಗಡಿಯಾರವನ್ನು ಹೇಮಶ್ರೀ ನೋಡಿಕೊಂಡಳು. ಅರ್ಧ ಗಂಟೆಯಲ್ಲಿ ಇನ್ನೂ ಹತ್ತೇ ನಿಮಿಷವಾಗಿತ್ತು.