ಬಿಟ್ಟಿ ಐಸಿನ ಬೆಲೆ

ದೊಡ್ಡಕ್ಕ ಬುಟ್ಟಿಯ ಮೇಲಿನ ಒದ್ದೆ ಗೋಣಿ ಸರಿಸಿದಳು. ಮಾರಾಟವಾಗದೆ ಉಳಿದ ಮೀನಿನ ಕಣ್ಣು ಬೆಳ್ಳಗಾಗಿ ಒಳಕ್ಕಿಳಿದಿತ್ತು. ಬೆರಳಿಟ್ಟರೆ ಇಟ್ಟಲ್ಲೇ ಗುಳಿ. ವಾಸನೆಗೆ ಎದುರುಮನೆಯವರು ಕಿಟಕಿ ಹಾಕಿಕೊಂಡರು.

"ಐಸ್ ಹಾಕ್ಲಿಲ್ವೇನೇ?" ಎಂದ ಗಂಡ.

"ಎಲ್ಲಿಂದ ಹಾಕ್ಲಿ, ನಿಮ್ಮ ತಲೆಯಿಂದ? ಮೀನೆಲ್ಲಾ ಕಂಪನಿಗೇ ಮಾರ್ತೀನಿ ಅಂತ ಒಪ್ಪಿದ್ರೆ ಮಾತ್ರ ಐಸ್ ಅಂತೆ. ರೇಟು ಅವರು ಹೇಳಿದ್ದೇ."

ಬಂದರಿನಲ್ಲಿ ಈಗ ಉಳಿದಿರುವುದು ಕಂಪನಿಯ ಐಸ್ ಪ್ಲಾಂಟ್ ಒಂದೇ. ಮೊದಲು ಊರಿನವರದೇ ಎರಡಿದ್ದವು. ಕಂಪನಿ ಬಂದ ವರ್ಷ ಹಂಗಾಮು ಪೂರ್ತಿ ಬಿಟ್ಟಿ ಐಸ್ ಹಂಚಿತು. ಎಲ್ಲರೂ ಅಲ್ಲೇ ಸಾಲು ನಿಂತರು. ಕೊಳ್ಳುವವರಿಲ್ಲದೆ ಹಳೆಯ ಪ್ಲಾಂಟುಗಳು ಮುಚ್ಚಿದವು. ಅಲ್ಲಿ ದುಡಿಯುತ್ತಿದ್ದ ಪಕ್ಕದ ಮನೆಯ ಮಿಸ್ತ್ರಿ ಈಗ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾನೆ.

ಅವನೇ ಬಾಗಿಲಿಗೆ ಬಂದ. "ಅಕ್ಕಾ, ನಾಳೆ ಹರಾಜು ಕಟ್ಟೆಗೆ ಅಧಿಕಾರಿಗಳು ಬರ್ತಾರೆ. ಕಂಪನಿ ಮೇಲಿನ ದೂರು ಕೇಳ್ತಾರಂತೆ. ಬಂದು ಹೇಳಿ."

"ಸರ್ಕಾರಕ್ಕೇನೋ ಕೆಲಸ ಇಲ್ಲಿ?" ಗಂಡ ರೇಗಿದ. "ವ್ಯಾಪಾರ ಅಂದ್ಮೇಲೆ ತಾಕತ್ತಿದ್ದೋರು ಗೆಲ್ತಾರೆ. ಆಫೀಸರು ಕಾಲಿಟ್ರೆ ಲಂಚ ಹೆಚ್ಚುತ್ತೆ, ಐಸ್ ಅಲ್ಲ."

"ಲಂಚ ಕೇಳಿದ್ರೆ ಅವರ ಮೇಲೂ ದೂರು ಕೊಡೋಣ ಭಾವ. ಕಂಪನಿ ವ್ಯಾಪಾರ ಮಾಡೋದೇ ಬೇಡ ಅಂತ ಯಾರಂದ್ರು? ಆದ್ರೆ ಒಂದೇ ಅಂಗಡಿ ಉಳಿದ ಮೇಲೆ ಅದು ಪೇಟೆ ಅಲ್ಲ, ಬೋನು. ಐಸ್ ತೋರಿಸಿ ಮೀನು ಕಿತ್ಕೊಳ್ಳೋದನ್ನ ತಡೆಯೋಕೆ ಕಾನೂನಿದೆ. ಬಾಯಿ ಬಿಡೋ ಜನ ಬೇಕು."

"ಅವತ್ತು ಬಿಟ್ಟಿ ಐಸ್ ಹಂಚೋವಾಗ ನೀನ್ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ದೆ. ನೀವು ಸಾಲಲ್ಲಿ ನಿಂತು ನಕ್ಕಿರಿ. ಬಿಟ್ಟಿ ಸಿಕ್ಕಿದ್ದನ್ನ ಬೇಡ ಅಂತೀಯಲ್ಲೋ ಪೆದ್ದ ಅಂದ್ರಿ."

ಗಂಡ ಗುದ್ದಲಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ಗುಂಡಿ ತೋಡಿದ. ಬುಟ್ಟಿ ಸುರಿದು ಮಣ್ಣು ಎಳೆಯುವಾಗ ದೊಡ್ಡಕ್ಕ ತಡೆದಳು.

"ಒಂದು ಮೀನು ಬಿಡಿ."

"ಕೊಳೆತದ್ದು ಯಾಕೆ?"

"ನಾಳೆ ಅಧಿಕಾರಿ ಮೇಜಿನ ಮೇಲೆ ಇಡ್ತೀನಿ. ನನ್ನ ಮಾತು ಕಿವಿಗೆ ಬೀಳದಿದ್ರೂ ಮೂಗಿದೆಯಲ್ಲ."

ಗಂಡ ಗುದ್ದಲಿ ಊರಿ ನಿಂತ. "ನಾನೂ ಬರ್ತೀನಿ. ನಕ್ಕೋನು ನಾನು. ಹೇಳ್ಬೇಕಾದೋನೂ ನಾನೇ."

ಹೂತ ಮೀನು ಎದ್ದು ಬರುವುದಿಲ್ಲ. ಮುಚ್ಚಿದ ಪ್ಲಾಂಟು ನಾಳೆಯೇ ತೆರೆಯುವುದೂ ಇಲ್ಲ. ಇದನ್ನು ಓದುತ್ತಿರುವವರೇ, ನಿಮ್ಮ ಬೀದಿಯಲ್ಲಿ ಯಾರಾದರೂ ಬಿಟ್ಟಿ ಹಂಚುತ್ತಿದ್ದರೆ ಪಕ್ಕದ ಅಂಗಡಿಯ ಕಡೆಗೂ ಕಣ್ಣು ಹಾಯಿಸಿ. ಅದು ಬಾಗಿಲು ಹಾಕುವ ಮೊದಲು ಅಲ್ಲೂ ಕೊಳ್ಳಿ. ದೂರು ಕೇಳುವವರು ಬಂದರೆ ಹೋಗಿ ಹೇಳಿ, ಅವರು ಕೇಳಿಸಿಕೊಳ್ಳುವವರೆಗೂ ಹೇಳಿ. ಕಿಟಕಿ ಹಾಕಿ, ಮೂಗು ಮುಚ್ಚಿಕೊಂಡು ಕೂರಬೇಡಿ. ಮುಂದಿನ ಬುಟ್ಟಿ ನಿಮ್ಮದು.