ನೀರು ಕುಡಿಯುವ ಗಾಡಿ

ಬೆಳಗಾದರೆ ಸಾಕು, ಅಪ್ಪ ಪ್ಲಾಸ್ಟಿಕ್ ಕ್ಯಾನು ಹಿಡಿದು ಅಂಗಳಕ್ಕೆ ಹಾಜರು. "ಲೇ ಕ್ಲೀನರ್, ನೀರು ನೋಡಿದ್ಯೇನೇ?"

ಕ್ಲೀನರ್ ಎಂದರೆ ಮಗಳು. ಈಗ ಆ ಹಳೇ ಲಾರಿ ಓಡಿಸುವವಳೂ ಅವಳೇ, ಮನೆ ನಡೆಸುವವಳೂ ಅವಳೇ. ಅಪ್ಪನ ಪಾಲಿಗೆ ಮಾತ್ರ ಆಕೆ ಇನ್ನೂ ಪಕ್ಕದ ಸೀಟಿನಲ್ಲಿ ಕಾಲು ಆಡಿಸುತ್ತ ಕೂತ, ಗಾಜು ಒರೆಸುವ ಪುಟ್ಟ ಹುಡುಗಿ. ಅವಳ ಹೆಸರು ಅವನಿಗೆ ಮರೆತುಹೋಗಿತ್ತು. ಮೊದಲು ನೆರೆಯವರ ಹೆಸರು ಹೋಯಿತು, ಆಮೇಲೆ ಬೀದಿ, ಆಮೇಲೆ ಹೆಂಡತಿ ತೀರಿಕೊಂಡ ಸಂಗತಿಯೇ ಹೋಯಿತು. ಲಾರಿಯ ರೇಡಿಯೇಟರಿನಲ್ಲಿ ನೀರು ಇಳಿಯುತ್ತದೆ, ದಿನಾ ಹೊಯ್ಯಬೇಕು, ಕ್ಲೀನರ್ ಟಾರ್ಚ್ ಹಿಡಿಯಬೇಕು. ಇಷ್ಟು ಮಾತ್ರ ಗಟ್ಟಿಯಾಗಿ ಉಳಿದಿತ್ತು.

"ನೋಡಿಲ್ಲಪ್ಪ, ನೀನೇ ನೋಡು."

"ಎಲ್ಲಾ ನಾನೇ ನೋಡ್ಬೇಕು. ನಿನ್ನ ಇಟ್ಕೊಂಡಿರೋದು ಯಾತಕ್ಕೆ, ಮುಖ ನೋಡೋಕಾ?" ಎಂದು ಗೊಣಗುತ್ತ ಹೊಯ್ಯುತ್ತಿದ್ದ. ಆ ಬೈಗುಳ ಕೇಳದೆ ಅವಳು ಗಾಡಿ ಹೊರಡಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಾಡಿಗೆ ಮುಗಿಸಿ ಬಂದು ಕೈ ತೊಳೆಯಲು ಒಳಗೆ ಹೋಗಿದ್ದಳು, ಅಷ್ಟೆ. ಅಪ್ಪ ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸಿಬಿಟ್ಟಿದ್ದ. ಕುದಿಯುವ ನೀರು ಚಿಮ್ಮಿ ಮುಂಗೈ ಸುಟ್ಟಿತು. ಬಿಸಿಯಿರುವಾಗ ಅದನ್ನು ಮುಟ್ಟಿದರೆ ಬೆನ್ನು ಮುರೀತೀನಿ ಎಂದು ಅವಳಿಗೆ ಕಲಿಸಿದವನೇ ಅವನು.

"ಮುಖಕ್ಕೆ ಬಿದ್ದಿದ್ರೆ ಕಣ್ಣೇ ಹೋಗ್ತಿತ್ತು. ಗಾಡಿ ರಿಪೇರಿ ಮಾಡಿಸಿ," ಎಂದಳು ಪಟ್ಟಿ ಕಟ್ಟಿದ ನರ್ಸು.

ಮಾಡಿಸುವುದೇನು ಬಂತು, ರಿಪೇರಿ ಅವಳಿಗೇ ಬರುತ್ತಿತ್ತು. ಇಷ್ಟು ದಿನ ಕೈ ಹಚ್ಚದೆ ಇದ್ದದ್ದು ಸೋಮಾರಿತನದಿಂದಲ್ಲ. ಅಪ್ಪನಿಗೆ ಉಳಿದಿರುವ ಕೆಲಸ ಅದೊಂದೇ, ಅದನ್ನೂ ಕಿತ್ತುಕೊಳ್ಳುವುದು ಹೇಗೆ ಎಂದು.

ಹಾಳಾದ ಸೋರಿಕೆ ಸುಲಭಕ್ಕೆ ಸಿಗಲಿಲ್ಲ. ನೆಲದ ಮೇಲೆ ಒಂದು ಹನಿಯಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದಳು, ಎಣ್ಣೆ ಬೆಳ್ಳಗಾಗಿರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. ಅಂದರೆ ನೀರು ಎಂಜಿನ್ನಿನ ಒಳಗೆ ಹೋಗುತ್ತಿಲ್ಲ, ಹೊರಗೇ ಎಲ್ಲೋ ಸೋರಿ ಬಿಸಿ ಕಬ್ಬಿಣದ ಮೇಲೆ ಬಿದ್ದಲ್ಲೇ ಆರಿಹೋಗುತ್ತಿದೆ. ಎಂಜಿನ್ ತಣ್ಣಗಾಗಲು ಬಿಟ್ಟು, ಬಾನೆಟ್ ಎತ್ತಿ, ಪೈಪುಗಳನ್ನು ಒಂದೊಂದಾಗಿ ತಡವಿದಳು. ಮೇಲಿನ ರಬ್ಬರ್ ಹೋಸನ್ನು ಬಿಗಿದಿದ್ದ ಕ್ಲಾಂಪಿನ ಅಡಿಯಲ್ಲಿ ಉಪ್ಪು ಕಟ್ಟಿದ ಹಾಗೆ ಬಿಳಿಯ ಪೊರೆ. ಉಜ್ಜಿದರೆ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕು. ಅಪ್ಪ ಮಗಳಿಬ್ಬರನ್ನೂ ದಿನಾ ಬೆಳಿಗ್ಗೆ ಎದುರುಬದುರು ನಿಲ್ಲಿಸಿದ್ದು ಇದೇ ಬಿರುಕು.

ನೀರು ಬಸಿದಳು. ಹಳೇ ಹೋಸು ಕುಯ್ದು ತೆಗೆದು, ಕೊಳವೆಯ ಬಾಯನ್ನು ತಿಕ್ಕಿ, ಹೊಸ ಹೋಸಿಗೆ ಹೊಸ ಕ್ಲಾಂಪು ಬಿಗಿದಳು. ಕೂಲೆಂಟ್ ಬೆರೆಸಿದ ಹಸಿರು ನೀರು ತುಂಬಿ, ಮುಚ್ಚಳ ತೆರೆದಿಟ್ಟು ಎಂಜಿನ್ ಚಾಲೂ ಮಾಡಿ, ಗಾಳಿಗುಳ್ಳೆ ನಿಲ್ಲುವವರೆಗೂ ಹೋಸು ಹಿಂಡುತ್ತ ನಿಂತಳು. ಎಲ್ಲೂ ಸೋರಲಿಲ್ಲ. ಕೆಲಸ ಅಚ್ಚುಕಟ್ಟಾಗಿತ್ತು, ಅವಳಿಗೆ ಅಳು ಬಂತು.

ಮರುದಿನ ಬೆಳಿಗ್ಗೆ ಅಪ್ಪ ಪಟ್ಟಿ ಕಟ್ಟಿದ ಕೈಯಲ್ಲೇ ಕ್ಯಾನು ಹಿಡಿದು ಬಂದ. ಮುಚ್ಚಳ ತೆಗೆದು ಬಗ್ಗಿ ನೋಡಿದ. ಅಂಚಿನವರೆಗೂ ತುಂಬಿತ್ತು. ನಂಬಿಕೆ ಬಾರದೆ ಬೆರಳು ಅದ್ದಿದ.

"ಸೋರೋದು ನಿಂತಿದೆ ಅಪ್ಪ. ಇನ್ನು ಹೊಯ್ಯೋದು ಬೇಡ," ಎಂದಳು ಮಗಳು.

ಅಪ್ಪ ಹಿಂದೆ ಸರಿದು ಲಾರಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದ. "ಇದು ನಮ್ಮ ಗಾಡಿ ಅಲ್ಲ. ನಮ್ಮದು ನೀರು ಕುಡಿಯುತ್ತೆ."

ಆಮೇಲೆ ಅವಳ ಕಡೆ ತಿರುಗಿದ. ಯಾರದೋ ಮನೆಯಂಗಳಕ್ಕೆ ತಪ್ಪಿ ಬಂದವನ ಸಂಕೋಚ ಅವನ ಮುಖದಲ್ಲಿತ್ತು.

"ತಪ್ಪು ತಿಳ್ಕೋಬೇಡಿ ಅಮ್ಮ. ನೀವು ಯಾರು ಅಂತ ಗೊತ್ತಾಗ್ಲಿಲ್ಲ."

ನೀವು. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಅವಳಿಗೆ ಲೇ, ಬಾರೇ, ಹೋಗೇ ಬಿಟ್ಟರೆ ಬೇರೊಂದು ಬಂದದ್ದಿಲ್ಲ. ಆ ಮರ್ಯಾದೆ ಎದೆಗೆ ಒದ್ದ ಹಾಗಾಯಿತು.

"ನಮ್ಮ ಗಾಡೀನೇ ಅಪ್ಪ, ಒಂಚೂರು ಇರು," ಎಂದವಳೇ ಲಾರಿಯಡಿ ತೂರಿ ರೇಡಿಯೇಟರಿನ ತಿರುಪು ಸಡಿಲಿಸಿದಳು. ಹಸಿರು ನೀರು ಅಂಗಳಕ್ಕೆ ಹರಿಯಿತು. ತಿರುಪು ಬಿಗಿದು, ಎದ್ದು ಬಂದು, ಕ್ಯಾನು ಅವನ ಕೈಗಿತ್ತು, ಟಾರ್ಚ್ ಹಿಡಿದು ನಿಂತಳು. "ನೋಡು, ನೀರು ಇಳಿದಿದೆ."

ಅಪ್ಪ ಹೊಯ್ದ. ಒಂದು ಹನಿ ಚೆಲ್ಲದ ಹಾಗೆ, ಗೊಣಗದೆ ಹೊಯ್ದ.

"ನೀವ್ಯಾಕಮ್ಮ ತೊಂದ್ರೆ ತಗೋತೀರಿ," ಎಂದ. "ನನ್ನ ಕ್ಲೀನರ್ ಒಬ್ಳಿದಾಳೆ. ಈಗ ಬರ್ತಾಳೆ, ಅವಳು ಹಿಡೀತಾಳೆ."

"ಬರ್ಲಿ," ಎಂದಳು ಮಗಳು. "ಅಲ್ಲೀವರೆಗೆ ನಾನು ಹಿಡ್ಕೊಂಡಿರ್ತೀನಿ."